ಬೆರಳಿನ ಗೆರೆಯಲ್ಲಿ ಕಾಣದ ಸಾಮರ್ಥ್ಯ

ಮಕ್ಕಳ ಎಸ್‌ಎಸ್‌ಎಲ್‌ಸಿ ಮುಗಿಯುತ್ತಿದ್ದಂತೆ ‘ಡಿಎಂಐಟಿ ಮಾಡಿಸಿದ್ರಾ?’ ಎಂದು ಕೇಳುವವರು ಸಿಗುತ್ತಾರೆ. ಹತ್ತು ಬೆರಳಿನ ಅಚ್ಚು ತೆಗೆದು, ಮಗು ಎಂಜಿನಿಯರೋ ಕಲಾವಿದನೋ ಎಂದು ದಪ್ಪನೆಯ ವರದಿ ಕೊಡುವ ವ್ಯಾಪಾರ ಅದು. ಬೆರಳಿನ ಗೆರೆಗಳ ವಿನ್ಯಾಸ ಹುಟ್ಟುವ ಮೊದಲೇ, ಗರ್ಭದ ಮಧ್ಯಾವಧಿಯ ಹೊತ್ತಿಗೇ ಗಟ್ಟಿಯಾಗಿಬಿಡುತ್ತದೆ. ಕೌಶಲವೋ ಬಳಸಿದಷ್ಟೂ ಬೆಳೆಯುವಂಥದ್ದು. ಬೆರಳಚ್ಚಿನ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2019ರಲ್ಲೇ ಹೇಳಿದೆ.

ಆದರೂ ವರದಿ ಓದಿದವರು ‘ಥೇಟ್ ನಮ್ಮ ಹುಡುಗನೇ’ ಎನ್ನುವುದೇಕೆ? 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ನಡೆಸಿ ಒಬ್ಬೊಬ್ಬರಿಗೂ ‘ನಿನ್ನದೇ’ ಎಂದು ಫಲಿತಾಂಶ ಕೊಟ್ಟರು. ಎಲ್ಲರಿಗೂ ಕೊಟ್ಟದ್ದು ಅದೇ ಒಂದು ಬರಹ, ಜ್ಯೋತಿಷ್ಯದ ಪುಸ್ತಕದಿಂದ ಆಯ್ದದ್ದು. ಅದು ತಮಗೆಷ್ಟು ಹೊಂದುತ್ತದೆ ಎಂದು ಕೇಳಿದಾಗ ವಿದ್ಯಾರ್ಥಿಗಳು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು!

ನಮ್ಮ ಬಲ ನಮಗೆ ಕಾಣದಿರಲು ಕಾರಣವಿದೆ. ನಮ್ಮ ಮನೆಯ ವಾಸನೆ ನಮ್ಮ ಮೂಗಿಗೆ ಹತ್ತುವುದಿಲ್ಲ, ಹೊಸಬರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಇಡೀ ದಿನ ಗುಂಯ್‌ಗುಡುವ ಫ್ಯಾನಿನ ಸದ್ದು ಕರೆಂಟ್ ಹೋದಾಗಷ್ಟೇ ತಿಳಿಯುತ್ತದೆ. ಸಲೀಸಾಗಿ ಬರುವ ಕೆಲಸವೂ ಹಾಗೆಯೇ: ಕಷ್ಟವೇ ಆಗದಿದ್ದರೆ ಅದನ್ನು ಕೌಶಲವೆಂದು ಎಣಿಸುವುದಿಲ್ಲ.

ಬ್ಯಾಂಕಿನ ಗುಮಾಸ್ತೆಯೊಬ್ಬರನ್ನು ಊಹಿಸಿಕೊಳ್ಳಿ. ಸಂಜೆ ಲೆಕ್ಕದಲ್ಲಿ 900 ರೂಪಾಯಿ ವ್ಯತ್ಯಾಸ. ಉಳಿದವರು ಚೀಟಿಗಳನ್ನು ಮೊದಲಿಂದ ಎಣಿಸುತ್ತಿರುವಾಗ ಈಕೆ ‘ಒಂಬತ್ತರಿಂದ ಭಾಗವಾಗುತ್ತದಲ್ಲ, ಅಂಕಿ ಅದಲುಬದಲಾಗಿರಬೇಕು’ ಎಂದು ಹುಡುಕಿ, 5,400 ಎಂಬುದು 4,500 ಆಗಿರುವುದನ್ನು ತೋರಿಸುತ್ತಾರೆ. ಅಕ್ಕಪಕ್ಕದ ಅಂಕಿಗಳು ಸ್ಥಾನ ಬದಲಿಸಿದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕ (ಹಾಗೆ ಬಂದ ಮಾತ್ರಕ್ಕೆ ಅದೇ ತಪ್ಪು ಎಂದಲ್ಲ). ಕೇಳಿದರೆ ‘ಅದರಲ್ಲೇನಿದೆ?’ ಎನ್ನುತ್ತಾರೆ. ಅದರಲ್ಲೇ ಇರುವುದು! ತಪ್ಪಿನ ಜಾಡು ಹಿಡಿಯುವ ಈ ಗುಣಕ್ಕೆ ಆಡಿಟ್, ಸಾಫ್ಟ್‌ವೇರ್ ಪರೀಕ್ಷೆ, ಕರಡು ತಿದ್ದುವಿಕೆ ಎಲ್ಲ ಕಡೆ ಬೆಲೆಯಿದೆ.

ಇಂಥದ್ದನ್ನು ಹೊರತೆಗೆಯಲು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ವಿಧಾನವೊಂದಿದೆ. ಹತ್ತರಿಂದ ಇಪ್ಪತ್ತು ಜನರನ್ನು, ‘ನಾನು ಚೆನ್ನಾಗಿ ಮಾಡಿದ್ದನ್ನು ನೀವು ಕಂಡ ಮೂರು ಸಂದರ್ಭ ಬರೆದುಕೊಡಿ’ ಎಂದು ಕೇಳಬೇಕು. ಮನೆಯವರು ಮಾತ್ರವಲ್ಲ, ಹಳೆಯ ಸಹೋದ್ಯೋಗಿಗಳು, ಗ್ರಾಹಕರೂ ಇರಲಿ. ‘ನನ್ನ ಗುಣ ಹೇಳಿ’ ಎಂದರೆ ಕೆಲಸ ಕೆಟ್ಟಿತು: ‘ಶ್ರಮಜೀವಿ’, ‘ಒಳ್ಳೆಯವರು’ ಎಂಬ ಬೀಳ್ಕೊಡುಗೆ ಸಮಾರಂಭದ ಮಾತುಗಳೇ ಬರುತ್ತವೆ. ಬಂದ ಘಟನೆಗಳಲ್ಲಿ ಹುದ್ದೆಯ ಹೆಸರು ಬಿಟ್ಟು ಕ್ರಿಯಾಪದಕ್ಕೆ ಗೆರೆ ಹಾಕಿ: ಹುಡುಕಿದರು, ಸಮಾಧಾನಪಡಿಸಿದರು, ಹೊಂದಿಸಿದರು. ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಕ್ರಿಯೆ ಹೇಳಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಜೊತೆಗೊಂದು ನೋಟ್‌ಬುಕ್ ಬೇಕು. ಮುಖ್ಯ ನಿರ್ಧಾರ ಮಾಡಿದಾಗಲೆಲ್ಲ ಏನಾಗಬಹುದೆಂದು ಬರೆದಿಟ್ಟು, 9ರಿಂದ 12 ತಿಂಗಳ ಬಳಿಕ ಫಲಿತಾಂಶದೊಡನೆ ಹೋಲಿಸಬೇಕೆನ್ನುತ್ತಿದ್ದರು ನಿರ್ವಹಣಾ ಚಿಂತಕ ಪೀಟರ್ ಡ್ರಕರ್. ಕ್ರೈಸ್ತ ಧಾರ್ಮಿಕ ನಾಯಕರಾದ ಕ್ಯಾಲ್ವಿನ್ ಮತ್ತು ಲೊಯೋಲಾ 16ನೇ ಶತಮಾನದಲ್ಲೇ ಇದನ್ನು ಅನುಯಾಯಿಗಳಿಗೆ ಕಲಿಸಿದ್ದರೆಂಬುದು ಡ್ರಕರ್ ಮಾತು. ಊಹೆಯನ್ನು ಮೊದಲೇ, ಪೆನ್ನಿನಲ್ಲಿ ಬರೆಯಿರಿ. ನಂತರ ಬರೆದರೆ ‘ನನಗೆ ಮುಂಚೆಯೇ ಗೊತ್ತಿತ್ತು’ ಎಂದು ನೆನಪು ತನ್ನನ್ನೇ ತಿದ್ದಿಕೊಳ್ಳುತ್ತದೆ. ಸಣ್ಣ ಕೆಲಸಗಳಿಗೆ ವಾರದ ಲೆಕ್ಕ ಸಾಕು: ಕೆಲಸ, ಅಂದಾಜು ಸಮಯ, ಹಿಡಿದ ಸಮಯ, ಮತ್ತೆ ಮಾಡಬೇಕೆನಿಸಿತೇ ಎಂಬ ನಾಲ್ಕು ಕಾಲಂ. ಬೇಗ ಮುಗಿದರೂ ಕೊನೆಯ ಕಾಲಂನಲ್ಲಿ ಪದೇ ಪದೇ ‘ಇಲ್ಲ’ ಬಿದ್ದ ಕೆಲಸವನ್ನು ಹೊಸ ಉದ್ಯೋಗದ ಅರ್ಜಿಯಲ್ಲಿ ಮೇಲೆ ಬರೆಯಬೇಡಿ. ಸಿಗುವುದು ಅದೇ ಕೆಲಸ.