ರಕ್ತದಲ್ಲಿ ತುಂಬಿದ ಹಾರ್ಮೋನು, ಮಣಿಯದ ಪಿಟ್ಯುಟರಿ

ಎರಡು ವರ್ಷಗಳ ಹಿಂದೆ ಗುಬ್ಬಿಯಿಂದ ನನ್ನ ತಂಗಿ ತನ್ನ ಮಗಳ ರಕ್ತಪರೀಕ್ಷೆಯ ವರದಿಯನ್ನು ಹಿಡಿದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದಳು. ಹುಡುಗಿಯ ಗಂಟಲ ಮುಂಭಾಗ ತುಸು ಊದಿತ್ತು. ಸುಮ್ಮನೆ ಕುಳಿತಿದ್ದರೂ ನಾಡಿ ನಿಮಿಷಕ್ಕೆ ನೂರರ ಮೇಲೆ ಓಡುತ್ತಿತ್ತು. ವರದಿಯಲ್ಲಿ ಥೈರಾಯ್ಡ್ ಗ್ರಂಥಿಯ ಹಾರ್ಮೋನುಗಳಾದ ಟಿ3, ಟಿ4 ಎರಡೂ ಹೆಚ್ಚಾಗಿದ್ದವು. ಮೊದಲು ತೋರಿಸಿದ ಕಡೆ ಗ್ರಂಥಿಯನ್ನೇ ತೆಗೆಸುವ ಮಾತು ಬಂದಿತ್ತು. ಬಹಳ ವರ್ಷ ಜೀವಶಾಸ್ತ್ರ ಪಾಠ ಮಾಡಿದ ನನ್ನ ಕಣ್ಣು ಮಾತ್ರ ಟಿಎಸ್‌ಎಚ್ ಸಾಲಿನಲ್ಲಿ ನಿಂತಿತು, ಏಕೆಂದರೆ ಅದು ಮಾಮೂಲಿ ಮಿತಿಯೊಳಗೇ ಇತ್ತು.

ಟಿಎಸ್‌ಎಚ್ ಎಂದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡ್‌ಗೆ ಕಳುಹಿಸುವ ಆಜ್ಞೆ. ರಕ್ತದಲ್ಲಿ ಹಾರ್ಮೋನು ಹೆಚ್ಚಾದರೆ ಈ ಆಜ್ಞೆ ನಿಂತುಹೋಗಬೇಕು. ಗ್ರಂಥಿ ತಾನಾಗಿಯೇ ಅತಿಯಾಗಿ ದುಡಿಯುವ ಕಾಯಿಲೆಯಲ್ಲಿ ಟಿಎಸ್‌ಎಚ್ ಬಹುತೇಕ ಸೊನ್ನೆಗೆ ಇಳಿದಿರುತ್ತದೆ. ಇಲ್ಲಿ ಅದು ಇಳಿದಿಲ್ಲವೆಂದರೆ ಪಿಟ್ಯುಟರಿಗೆ ಹಾರ್ಮೋನಿನ ಇರವೇ ಸರಿಯಾಗಿ ತಿಳಿಯುತ್ತಿಲ್ಲ ಎಂದಾಯಿತು. ಇದಕ್ಕೆ ಥೈರಾಯ್ಡ್ ಹಾರ್ಮೋನು ಪ್ರತಿರೋಧ ಎಂದು ಹೆಸರು. ಪಿಟ್ಯುಟರಿಯ ಒಂದು ಬಗೆಯ ಗೆಡ್ಡೆಯಲ್ಲೂ ವರದಿ ಹೀಗೇ ಬರುವುದರಿಂದ ಅದಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಥೈರಾಯ್ಡ್ ಹಾರ್ಮೋನು ಕೆಲಸ ಮಾಡಬೇಕಾದರೆ ಜೀವಕೋಶದೊಳಗಿನ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳಬೇಕು. ಈ ಗ್ರಾಹಕದಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿದ್ದು, ಬೀಟಾದ ವಂಶವಾಹಿ ಮೂರನೆಯ ವರ್ಣತಂತುವಿನ ಮೇಲಿದೆ. ಅದರ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಒಂದು ಅಮೈನೊ ಆಮ್ಲದ ಜಾಗದಲ್ಲಿ ಇನ್ನೊಂದು ಬಂದು ಕೂತರೂ ಹಾರ್ಮೋನನ್ನು ಹಿಡಿಯುವ ಶಕ್ತಿ ಕುಂದಬಹುದು. ಇಂಥ ಉತ್ಪರಿವರ್ತನೆ ಸುಮಾರು 40,000 ಜನನಗಳಲ್ಲಿ ಒಂದರಲ್ಲಿ ಕಾಣುತ್ತದೆ ಎಂಬ ಅಂದಾಜಿದೆ.

ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬಂದಿರುವಾಗ ಒಂದು ಕೆಟ್ಟರೆ ಇನ್ನೊಂದು ಸಾಲದೇ ಎಂದು ಯಾರಾದರೂ ಕೇಳಿಯಾರು. ಉತ್ತರ 1967ರಲ್ಲಿ ವೈದ್ಯ ಸ್ಯಾಮ್ಯುಯೆಲ್ ರೆಫೆಟಾಫ್ ಮತ್ತು ಸಂಗಡಿಗರು ಈ ಕಾಯಿಲೆಯನ್ನು ಮೊದಲು ಕಂಡು ವರ್ಣಿಸಿದ ಕುಟುಂಬದಲ್ಲಿಯೇ ಅಡಗಿತ್ತು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ಮನೆಗಳಿರುವಂತೆ, ಅಲ್ಲಿಯೂ ತಂದೆತಾಯಿ ರಕ್ತಸಂಬಂಧಿಗಳು. ಕಾಯಿಲೆಯಿದ್ದ ಮಕ್ಕಳಿಗೆ ಕಿವಿ ಕೇಳುತ್ತಿರಲಿಲ್ಲ, ಗಳಗಂಡವೂ ಇತ್ತು. ಆ ಮಕ್ಕಳಲ್ಲಿ ಬೀಟಾ ವಂಶವಾಹಿಯ ಎರಡೂ ಪ್ರತಿಗಳು ಅಳಿಸಿಹೋಗಿದ್ದವು ಎಂಬುದು ಬಹಳ ಕಾಲದ ಮೇಲೆ ಗೊತ್ತಾಯಿತು. ಒಂದೇ ಪ್ರತಿಯನ್ನು ಕಳೆದುಕೊಂಡಿದ್ದ ತಂದೆತಾಯಿಗೆ ಏನೂ ಆಗಿರಲಿಲ್ಲ! ಅಂದರೆ ಇಲ್ಲದ ಪ್ರತಿಗಿಂತ ಕೆಟ್ಟು ಉಳಿದ ಪ್ರತಿಯೇ ಹೆಚ್ಚು ತೊಂದರೆ ಕೊಡುತ್ತದೆ. ಕೆಟ್ಟ ಗ್ರಾಹಕವೂ ಡಿಎನ್‌ಎಯ ಮೇಲೆ ತನ್ನ ಜಾಗ ಹಿಡಿದು ಕೂರುತ್ತದೆ. ಹಾರ್ಮೋನು ಬಂದರೂ ಕದಲುವುದಿಲ್ಲ, ಸರಿಯಿರುವ ಗ್ರಾಹಕಕ್ಕೆ ಎಡೆ ಕೊಡುವುದೂ ಇಲ್ಲ.

ಹುಡುಗಿಯ ನಾಡಿ ಓಡುತ್ತಿದ್ದುದಕ್ಕೂ ಇದರಲ್ಲೇ ಕಾರಣವಿದೆ. ಪಿಟ್ಯುಟರಿ, ಯಕೃತ್ತುಗಳಲ್ಲಿ ಬೀಟಾ ಗ್ರಾಹಕ ಹೆಚ್ಚು, ಹೃದಯದಲ್ಲಿ ಆಲ್ಫಾ ಹೆಚ್ಚು. ಆಲ್ಫಾ ಸರಿಯಾಗಿಯೇ ಇರುವುದರಿಂದ ಏರಿದ ಹಾರ್ಮೋನಿನ ಪೂರ್ತಿ ಹೊಡೆತ ಹೃದಯದ ಮೇಲೆ ಬೀಳುತ್ತದೆ, ಅದೇ ಹೊತ್ತಿಗೆ ಯಕೃತ್ತು ಕೊರತೆಯಲ್ಲಿರುವಂತೆ ವರ್ತಿಸಬಹುದು. ಏರಿದ ಹಾರ್ಮೋನು ದೇಹವೇ ಮಾಡಿಕೊಂಡ ಹೊಂದಾಣಿಕೆಯಾದ ಕಾರಣ ಗ್ರಂಥಿಯನ್ನು ಕತ್ತರಿಸಿ ತೆಗೆದರೆ ಆ ಹಾರ್ಮೋನನ್ನು ಮಾತ್ರೆಗಳಿಂದ ತುಂಬಿಕೊಡುವುದು ಬಹಳ ಕಷ್ಟ.

ವಂಶವಾಹಿ ಪರೀಕ್ಷೆಯಲ್ಲಿ ಬೀಟಾದಲ್ಲಿನ ಬದಲಾವಣೆ ಸಿಕ್ಕಿತು. ಬಳಿಕ ತಂಗಿಯ ರಕ್ತವನ್ನೂ ಕಳುಹಿಸಿದೆವು. ಚಿಕ್ಕಂದಿನಿಂದ 'ಎದೆ ಡವಡವ ಅನ್ನುತ್ತೆ' ಎನ್ನುತ್ತಿದ್ದ ಅವಳಲ್ಲಿಯೂ ಅದೇ ಬದಲಾವಣೆ ಇತ್ತು. ಅವಳಿಂದ ಹುಟ್ಟುವ ಪ್ರತಿ ಮಗುವಿಗೂ ಇದು ಬರುವ ಸಂಭವ ಅರ್ಧಕ್ಕರ್ಧ. ಹುಡುಗಿಯ ಗ್ರಂಥಿ ಹಾಗೆಯೇ ಇದೆ. ನಾಡಿ ತಗ್ಗಿಸುವ ಮಾತ್ರೆಯೊಂದನ್ನು ನುಂಗುತ್ತಾಳೆ. ಈ ತಿಂಗಳು ಅವಳ ತಮ್ಮನ ರಕ್ತ ಕೊಟ್ಟು ಬಂದಿದ್ದೇವೆ.