ಬಾಗಿಲಿಗೇ ಬಾರದವರ ಲೆಕ್ಕ

'ನಮ್ಮ ಸರ್ವರ್‌ಗಳ ಬಳಕೆ ಶೇ. 78 ಮಾತ್ರ. ಇನ್ನೂ ಜಾಗ ಇದೆ, ಹೊಸದು ಯಾಕೆ?' ಸಂಶೋಧಕರು ಹಂಚಿಕೊಂಡು ಬಳಸುವ ದೊಡ್ಡ ಕಂಪ್ಯೂಟರ್‌ಗಳ (ಸರ್ವರ್‌ಗಳ) ಬಗ್ಗೆ ಈ ಮಾತು ಕೇಳಿದಾಗಲೆಲ್ಲ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಬಳಕೆ ಎಷ್ಟು ಎಂಬುದು ಬೇರೆ, ಬೇಕಾದದ್ದು ಎಷ್ಟು ಎಂಬುದು ಬೇರೆ.

ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಆಗ್ನರ್ ಎರ್ಲಾಂಗ್ 1917ರಲ್ಲೇ ಇದನ್ನು ಬಿಡಿಸಿಟ್ಟರು. ಹತ್ತು ಲೈನ್ ಇವೆ ಎನ್ನಿ. ಬರುವ ಕರೆಗಳೂ ಸರಾಸರಿ ಹತ್ತು ಲೈನಿಗೆ ಆಗುವಷ್ಟೇ. ಲೈನ್ ಸಿಗದವರು ಕಾಯದೆ ಫೋನ್ ಇಟ್ಟುಬಿಡುತ್ತಾರೆ. ಎರ್ಲಾಂಗ್ ಸೂತ್ರದಂತೆ ಲೈನ್‌ಗಳು ಬ್ಯುಸಿ ಇರುವುದು ಶೇ. 78.5ರಷ್ಟು ಹೊತ್ತು. ಆದರೂ ಶೇ. 21.5ರಷ್ಟು ಕರೆಗಳು ಸೇರುವುದೇ ಇಲ್ಲ! ಯಾಕೆಂದರೆ ಕರೆಗಳು ಒಂದರ ಹಿಂದೆ ಒಂದು ಸಾಲಾಗಿ ಬರುವುದಿಲ್ಲ. ಒಮ್ಮೆ ಮೇಲೆ ಬೀಳುತ್ತವೆ, ಒಮ್ಮೆ ಸುಳಿವೇ ಇರುವುದಿಲ್ಲ. ಕೆರೆಯ ಹಾಗೆ. ಮಳೆಗಾಲದಲ್ಲಿ ಕೋಡಿ ಬೀಳುತ್ತದೆ, ಬೇಸಿಗೆಯಲ್ಲಿ ತಳ ಕಾಣುತ್ತದೆ. ವರ್ಷದ ಸರಾಸರಿ ಹಿಡಿದು 'ಕೆರೆ ತುಂಬಲೇ ಇಲ್ಲ' ಅಂದರೆ ಕೋಡಿಯಲ್ಲಿ ಹರಿದುಹೋದ ನೀರು ಎಲ್ಲಿ ಹೋಯಿತು? ಬಸ್ಸಿನ ಲೆಕ್ಕವೂ ಇದೇ. ಮಧ್ಯಾಹ್ನದ ಖಾಲಿ ಸೀಟು ಬೆಳಿಗ್ಗೆ ಹತ್ತಲಾಗದೆ ನಿಂತವನಿಗೆ ಸಿಗುವುದಿಲ್ಲ, ಅಲ್ವಾ?

ಇವರಾದರೂ ಬಾಗಿಲು ತಟ್ಟಿದವರು, ಎಣಿಸಬಹುದು. ತಟ್ಟದೇ ಇದ್ದವರು? ದೊಡ್ಡ ಪ್ರಶ್ನೆಯನ್ನು ಕೈಯಲ್ಲಿರುವ ಲ್ಯಾಪ್‌ಟಾಪಿಗೆ ತಕ್ಕಂತೆ ಕತ್ತರಿಸಿಕೊಂಡ ಸಂಶೋಧಕಿ ಯಾವ ದಾಖಲೆಯಲ್ಲೂ ಇಲ್ಲ. ನನ್ನನ್ನು ಜಾಸ್ತಿ ಕಾಡುವುದು ಇವರೇ.

ಅಮೆರಿಕದ ಡಾರ್ಟ್‌ಮತ್ ಕಾಲೇಜು ನೆನಪಾಗುತ್ತದೆ. ಆ ಕಾಲದಲ್ಲಿ ಕಂಪ್ಯೂಟರ್ ಅಂದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕೊಟ್ಟು ಉತ್ತರಕ್ಕೆ ಕಾಯುವುದು. ಅಲ್ಲಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ 1964ರ ಮೇ 1ರ ನಸುಕಿನಲ್ಲಿ ಅದನ್ನು ಬದಲಿಸಿದರು. ಒಂದೇ ಯಂತ್ರ ಹಲವರಿಗೆ ಸರದಿಯಂತೆ ಚೂರು ಚೂರು ಸಮಯ ಕೊಡತೊಡಗಿತು. ಜೊತೆಗೆ ಬೇಸಿಕ್ ಎಂಬ ಸುಲಭ ಭಾಷೆ. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದುಕೊಳ್ಳುವಷ್ಟೇ ಸಲೀಸಾಗಿ ಯಾರು ಬೇಕಾದರೂ ಬಳಸಬಹುದಿತ್ತು. ಅಲ್ಲಿನ ಹೆಚ್ಚಿನ ವಿದ್ಯಾರ್ಥಿಗಳು ವಿಜ್ಞಾನದವರಲ್ಲ. ಹಿಂದಿನ ವರ್ಷ ಅವರನ್ನು 'ಕಂಪ್ಯೂಟರ್ ಬೇಕಾ?' ಎಂದು ಕೇಳಿದ್ದರೆ ಬಹುಶಃ 'ಯಾಕೆ?' ಅನ್ನುತ್ತಿದ್ದರು. ಆ 'ಯಾಕೆ'ಯನ್ನು ಸಮೀಕ್ಷೆಯಲ್ಲಿ ಬೇಡಿಕೆ ಇಲ್ಲ ಎಂದು ಬರೆದುಕೊಳ್ಳುತ್ತೇವೆ.

ಹಾಗಾದರೆ ಅಳೆಯುವುದು ಹೇಗೆ? ಸರ್ವರ್ ಬಳಸಲು ಅರ್ಜಿಗಳು ಜಾಸ್ತಿ ಬಂದಾಗ ಚೀಟಿ ಎತ್ತಿ ಹಂಚಬೇಕು. ವರ್ಷ ಕಳೆದ ಮೇಲೆ ಸಿಕ್ಕವರ ಕೆಲಸವನ್ನೂ ಸಿಗದವರ ಕೆಲಸವನ್ನೂ ಹೋಲಿಸಬೇಕು. ಆ ಅಂತರವೇ ನಾವು ಕಳೆದುಕೊಂಡದ್ದರ ಅಂದಾಜು. ಅಷ್ಟೇ ಸಾಲದು. ಅರ್ಜಿಯನ್ನೇ ಹಾಕದವರಲ್ಲಿ ಕೆಲವರನ್ನೂ ಚೀಟಿ ಎತ್ತಿಯೇ ಆರಿಸಿ, ಒಂದು ಖಾತೆ ತೆರೆದುಕೊಟ್ಟು, ಕಲಿಸಿ, ಅವರು ಏನು ಮಾಡುತ್ತಾರೆಂದು ಕಾದು ನೋಡಬೇಕು.