‘ಫನ್ನಿ ಗರ್ಲ್’ ಸಿನಿಮಾ ಎಷ್ಟು ನಿಜ?

ಪ್ರಶ್ನೆ: 1968ರ ‘ಫನ್ನಿ ಗರ್ಲ್’ ನೋಡಿದೆ. ಫ್ಯಾನಿ ಬ್ರೈಸ್ ನಿಜವಾಗಿಯೂ ಇದ್ದ ಕಲಾವಿದೆಯಂತೆ. ಹಾಗಾದರೆ ಅದರಲ್ಲಿ ತೋರಿಸಿದ್ದೆಲ್ಲ ನಡೆದದ್ದೇನಾ?

ಉತ್ತರ: ರಂಗದ ಮೇಲಿನ ಫ್ಯಾನಿಯನ್ನು ತಕ್ಕಮಟ್ಟಿಗೆ ನಂಬಬಹುದು. ಅವಳ ಗಂಡನನ್ನು ಮಾತ್ರ ನಂಬಬೇಡಿ!

ನ್ಯೂಯಾರ್ಕಿನ ಯಹೂದಿ ಹುಡುಗಿ, ಚೆಲುವೆಯರ ಸಾಲಿನಲ್ಲಿ ನಿಂತು ನಗಿಸಿಯೇ ಗೆದ್ದವಳು, 1910ರಿಂದ ರಂಗಪ್ರದರ್ಶನಗಳ ನಿರ್ಮಾಪಕ ಜೀಗ್‌ಫೆಲ್ಡ್‌ನ ‘ಫಾಲೀಸ್’ ಎಂಬ ಹಾಡು, ಕುಣಿತ, ಹಾಸ್ಯದ ಪ್ರದರ್ಶನಗಳಲ್ಲಿ ಹೆಸರು ಮಾಡಿದವಳು. ಇಷ್ಟೂ ನಿಜ. ಮದುಮಗಳ ಉಡುಪಿನೊಳಗೆ ದಿಂಬು ತುರುಕಿಕೊಂಡು ಬಸುರಿಯಂತೆ ಬರುವ ದೃಶ್ಯವಿದೆಯಲ್ಲ, ಅದು ಸಿನಿಮಾದವರ ಕಲ್ಪನೆ ಇರಬಹುದು. ಆದರೆ ತನ್ನ ರೂಪವನ್ನೇ ತಮಾಷೆ ಮಾಡಿಕೊಳ್ಳುವ ಆ ಬುದ್ಧಿ ಅಸಲಿ ಫ್ಯಾನಿಯದ್ದೇ.

ಇನ್ನು ಫ್ಯಾನಿಯ ಗಂಡ ನಿಕ್ಕಿ ಆರ್ನ್‌ಸ್ಟೈನ್. ಓಮರ್ ಷರೀಫ್ ಮಾಡಿದ ನಿಕ್ಕಿ ಜೂಜುಕೋರನಾದರೂ ಮರ್ಯಾದಸ್ಥ. ಹೆಂಡತಿಯ ದುಡ್ಡಲ್ಲಿ ಬದುಕಲು ಮನಸ್ಸೊಪ್ಪದೆ ಒಮ್ಮೆ ಅಡ್ಡದಾರಿ ಹಿಡಿದು ಸಿಕ್ಕಿಬೀಳುತ್ತಾನೆ, ಪಾಪ. ಅಸಲಿ ನಿಕ್ಕಿಗೆ ಅಷ್ಟೆಲ್ಲ ಸಂಕೋಚ ಇರಲಿಲ್ಲ. ಫ್ಯಾನಿಯ ಪರಿಚಯವಾದಾಗ ಅವನಿಗೆ ಆಗಲೇ ಮದುವೆಯಾಗಿತ್ತು. 1918ರಲ್ಲಿ ಇವರು ಮದುವೆಯಾಗುವ ಮುಂಚೆಯೇ ಅವನು ಸಿಂಗ್ ಸಿಂಗ್ ಜೈಲು ಕಂಡುಬಂದಿದ್ದ. ಫ್ಯಾನಿ ಅಲ್ಲಿಗೆ ಹೋಗಿ ನೋಡಿಕೊಂಡೂ ಬರುತ್ತಿದ್ದಳು. 1920ರಲ್ಲಿ ವಾಲ್ ಸ್ಟ್ರೀಟ್ ಬಾಂಡ್ ಕಳ್ಳತನದ ಕೇಸು ಬಿದ್ದಾಗ ತಿಂಗಳುಗಟ್ಟಲೆ ತಲೆಮರೆಸಿಕೊಂಡ. ಕೊನೆಗೂ ಶಿಕ್ಷೆಯಾಯಿತು, 1927ರಲ್ಲಿ ವಿಚ್ಛೇದನವೂ ಆಯಿತು. ಅವನಿಗಿಂತ ಮೊದಲು ಫ್ಯಾನಿಗೆ ಇನ್ನೊಂದು ಮದುವೆಯಾಗಿ ಮುರಿದಿತ್ತು. ನಿಕ್ಕಿಯಿಂದ ಮಗಳಲ್ಲದೆ ಒಬ್ಬ ಮಗನೂ ಇದ್ದ. ಸಿನಿಮಾದಲ್ಲಿ ಇದೆರಡೂ ಮಾಯ.

ಯಾಕೆ ಹೀಗೆ? ನಿರ್ಮಾಪಕ ರೇ ಸ್ಟಾರ್ಕ್ ಇದೇ ದಂಪತಿಯ ಅಳಿಯ. 1964ರಲ್ಲಿ ಈ ಕಥೆ ಮೊದಲು ನ್ಯೂಯಾರ್ಕಿನ ಬ್ರಾಡ್‌ವೇ ನಾಟಕವಾದಾಗ ಫ್ಯಾನಿ ಇರಲಿಲ್ಲ, 1951ರಲ್ಲೇ ತೀರಿಕೊಂಡಿದ್ದಳು. ಮಾವ ಇನ್ನೂ ಬದುಕಿದ್ದ. ಮಾವನನ್ನು ಊರೆದುರು ಕಳ್ಳ ಅಂತ ತೋರಿಸಲು ಯಾವ ಅಳಿಯನಿಗೆ ಧೈರ್ಯ ಬರುತ್ತೆ, ಅಲ್ವಾ?

ಕೊನೆಯ ಹಾಡು ‘ಮೈ ಮ್ಯಾನ್’ ಮಾತ್ರ ಫ್ಯಾನಿಯ ಬದುಕಿನಿಂದಲೇ ಬಂದದ್ದು. ನಾಟಕದಲ್ಲಿ ಇರಲಿಲ್ಲ, ಸಿನಿಮಾಕ್ಕೆ ಸೇರಿಸಿದರು. ಎಂಥ ಗಂಡನಾದರೂ ಬಿಡಲಾರೆ ಅನ್ನುವ ಹೆಂಗಸಿನ ಹಾಡು ಅದು. 1921ರ ‘ಫಾಲೀಸ್’ನಲ್ಲಿ ಫ್ಯಾನಿ ಅದನ್ನು ಹಾಡುವಾಗ ನಿಕ್ಕಿಯ ಕೇಸು ಪೇಪರುಗಳಲ್ಲಿ ಜಗಜ್ಜಾಹೀರಾಗಿತ್ತು. ನಗಿಸುವವಳು ಬಂದು ಅಳಿಸಿದಳು. ಸಿನಿಮಾದಲ್ಲಿ ಫ್ಯಾನಿಯ ಪಾತ್ರ ಮಾಡಿದ ಬಾರ್ಬ್ರಾ ಸ್ಟ್ರೈಸ್ಯಾಂಡ್ ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಉಡುಪು ತೊಟ್ಟು ನಿಲ್ಲುತ್ತಾಳೆ. ಕಾಣುವುದು ಮುಖ ಮತ್ತು ಕೈ ಅಷ್ಟೇ. ಮೊದಲ ಸಾಲುಗಳಲ್ಲಿ ಗಂಟಲು ಕಟ್ಟುತ್ತದೆ, ಹಾಡು ಮುಗಿಯುವಷ್ಟರಲ್ಲಿ ದನಿ ಗಟ್ಟಿಯಾಗಿರುತ್ತದೆ. ಅವಳಿಗೆ ಆಸ್ಕರ್ ಬಂದದ್ದು ಸುಮ್ನೆ ಅಲ್ಲ.

ಅಸಲಿ ಫ್ಯಾನಿಯನ್ನೇ ನೋಡಬೇಕು ಅಂತಿದ್ದರೆ 1936ರ ‘ದಿ ಗ್ರೇಟ್ ಜೀಗ್‌ಫೆಲ್ಡ್’ ನೋಡಿ. ಅದರಲ್ಲಿ ಫ್ಯಾನಿಯ ಪಾತ್ರ ಮಾಡಿದ್ದು ಫ್ಯಾನಿಯೇ.